ಬೆಳಗಿನ ಮೈ, ಸಂಜೆಯ ಮೈ

ಹೋದ ತಿಂಗಳು ನಮ್ಮ ಆಫೀಸಿನ ಗೆಳತಿಯೊಬ್ಬಳು ಡಬ್ಬಿ ಬಿಚ್ಚುತ್ತ ತನ್ನ ತಮ್ಮನನ್ನು ಬಯ್ಯುತ್ತಿದ್ದಳು. ಬೆಳಿಗ್ಗೆ ಎಬ್ಬಿಸಿದರೆ ಸೊಂಟ ಹಿಡಿದುಕೊಂಡು ನರಳುತ್ತಾನಂತೆ, ಸಂಜೆ ಆಯಿತೆಂದರೆ ಬ್ಯಾಟು ಹಿಡಿದು ಮೈದಾನಕ್ಕೆ ಓಡುತ್ತಾನಂತೆ. "ನಾಟಕ, ಬರೀ ನಾಟಕ" ಅಂದಳು. ನಾನು ತುತ್ತು ಅಲ್ಲಿಗೇ ಬಿಟ್ಟು ಅವಳಿಗೆ ನನ್ನ ಕಥೆ ಹೇಳಿದೆ. ಊಟದ ಹೊತ್ತು ಮುಗಿದರೂ ಕಥೆ ಮುಗಿಯಲಿಲ್ಲ. ಮಾರನೆಯ ದಿನವೇ ಅವಳು ತಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅವನಿಗೆ ನನ್ನದೇ ಕಾಯಿಲೆಯೋ ಬೇರೆಯೋ ಇನ್ನೂ ಗೊತ್ತಾಗಿಲ್ಲ. ಆದರೆ ಅವಳಿಗೆ ಹೇಳಿದ್ದನ್ನು ಬರೆದಿಟ್ಟರೆ ಇನ್ನಾರಿಗಾದರೂ ಉಪಯೋಗವಾದೀತು ಅನ್ನಿಸಿತು.

ನಾನೀಗ ವಾಶಿಯಲ್ಲಿದ್ದೇನೆ. ಇದು ಮುಂಬಯಿಯ ಖಾಡಿಯಾಚೆ ಎದ್ದ ಹೊಸ ಊರು. ರೈಲು ಇನ್ನೂ ಬಂದಿಲ್ಲ, ಬರುತ್ತದೆ ಬರುತ್ತದೆ ಅನ್ನುತ್ತಾರೆ. ಗಂಡ, ಒಬ್ಬ ಮಗಳು, ಮೂರನೆಯ ಮಹಡಿಯಲ್ಲಿ ಮನೆ. ಬೆನ್ನು ಸೊಂಟವನ್ನು ಸೇರುವ ಕಡೆಯ ಕೀಲುಗಳು ಬೆಸೆದುಕೊಂಡುಬಿಟ್ಟಿವೆ, ಕತ್ತೂ ಬಿಗಿದಿದೆ. ಹಿಂದೆ ಯಾರಾದರೂ ಕರೆದರೆ ಕತ್ತು ತಿರುಗಿಸುವ ಬದಲು ಇಡೀ ಮೈಯನ್ನೇ ತಿರುಗಿಸುತ್ತೇನೆ. ಅಷ್ಟು ಬಿಟ್ಟರೆ ಚೆನ್ನಾಗಿದ್ದೇನೆ. ಇಷ್ಟು ಚೆನ್ನಾಗಿರುತ್ತೇನೆಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆಗ ನಾವು ಡೊಂಬಿವಲಿಯಲ್ಲಿದ್ದೆವು, ಪೂರ್ವಕ್ಕೆ, ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ. ಅಪ್ಪ ಗದಗಿನಿಂದ ಬಂದವರು, ಪಕ್ಕದ ಊರು ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಗುಮಾಸ್ತರು. ನಾನು ಶಾಲೆಯ ದಿನಗಳಿಂದ ಓಡುತ್ತಿದ್ದೆ. ಓಟದ ಪುಣ್ಯದಿಂದಲೇ ಠಾಣೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಕಾರ್ಖಾನೆಗೆ ತನ್ನದೇ ಹೆಣ್ಣುಮಕ್ಕಳ ತಂಡ ಬೇಕಾಗಿತ್ತು. ನನ್ನದು ಒಂದೂವರೆ ಸಾವಿರ ಮೀಟರಿನ ಓಟ. ಕಲಿಸುತ್ತಿದ್ದವರು ಕದಮ್ ಸರ್, ಸೈನ್ಯದಿಂದ ನಿವೃತ್ತರಾದವರು, ಕಡಿಮೆ ಮಾತಿನವರು. ಕೆಲಸ ಮುಗಿದ ಮೇಲೆ ಠಾಣೆಯ ಮೈದಾನದಲ್ಲಿ ಅಭ್ಯಾಸ. ಪಂದ್ಯಗಳು ಹತ್ತಿರ ಬಂದರೆ ಬೆಳಿಗ್ಗೆಯೂ ಬರಬೇಕು. ಓಟಗಾರ ತಯಾರಾಗುವುದು ಬೆಳಗಿನಲ್ಲೇ ಎಂದು ಅವರ ನಂಬಿಕೆ.

ಸಂಜೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ದಿನವಿಡೀ ಟೈಪ್ ಹೊಡೆದು ಬೆನ್ನು ಮರದ ಹಲಗೆಯಾಗಿದ್ದರೂ ಮೈದಾನವನ್ನು ಎರಡು ಸಲ ಸುತ್ತಿದ ಮೇಲೆ ಒಳಗೆಲ್ಲೋ ಎಣ್ಣೆ ಬಿಟ್ಟ ಹಾಗೆ ಎಲ್ಲ ಸಡಿಲಾಗುತ್ತಿತ್ತು. ಕೊನೆಯ ಸುತ್ತಿನಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಅದೇ ನಾನು ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಒಂದು ಯುದ್ಧ. ಬೆಳಗಿನ ಜಾವದ ನಿದ್ದೆಯಲ್ಲೇ ಸೊಂಟದ ಒಂದು ಕಡೆ, ಮಾರನೆಯ ದಿನ ಇನ್ನೊಂದು ಕಡೆ, ಯಾರೋ ಗೂಟ ಹೊಡೆದಂಥ ನೋವು. ಮಗ್ಗುಲು ಬದಲಿಸಬೇಕಾದರೆ ಮೊದಲು ಮನಸ್ಸಿನಲ್ಲೇ ಸಿದ್ಧವಾಗಬೇಕು. ಉರುಳಿ ಮೊಣಕಾಲಿನ ಮೇಲೆ ಬಂದು, ಕಪಾಟಿನ ಹಿಡಿಕೆ ಹಿಡಿದು ಮೇಲೇಳುತ್ತಿದ್ದೆ. ಸೀನು ಬಂದರೆ ಕಣ್ಣೀರೂ ಬರುತ್ತಿತ್ತು.

ಚಾಳಿನಲ್ಲಿ ನೀರು ಬರುವುದು ಬೆಳಗಾಗುವ ಮುಂಚೆ, ಕೆಳಗಿನ ನಲ್ಲಿಗೆ. ಕೊಡ ತುಂಬಿ ಮೇಲೆ ತರುವುದು ನನ್ನ ಕೆಲಸವಾಗಿತ್ತು. ನಾನು ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಕಂಡು ಅವ್ವ ಸಿಟ್ಟಾಗುತ್ತಿದ್ದಳು.

"ಸಂಜಿಕೆ ಕುದುರಿ ಹಂಗ ಓಡ್ತಿ ಅಂತ ಊರೆಲ್ಲಾ ಹೇಳ್ತದ. ಮುಂಜಾನೆ ಒಂದು ಕೊಡ ಎತ್ತಲಿಕ್ಕೆ ನಿನಗ ಸೊಂಟ ಇಲ್ಲೇನು?"

ಅವಳು ಹೇಳಿದ್ದು ನಿಜವೇ ಆಗಿತ್ತಲ್ಲ. ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದ್ದದ್ದು ನನ್ನದೇ ಸಂಜೆಯ ಓಟ.

ಭಾನುವಾರ ಬೆಳಿಗ್ಗೆ ಕದಮ್ ಸರ್ ನಮ್ಮನ್ನು ಘೋಡಬಂದರ್ ರಸ್ತೆಯಲ್ಲಿ ದೂರ ಓಡಿಸುತ್ತಿದ್ದರು. ಆಗ ಅಲ್ಲಿ ಮನೆಗಳಿರಲಿಲ್ಲ. ಎರಡೂ ಕಡೆ ಮರ, ಒಂದು ಬದಿಗೆ ಗುಡ್ಡ, ಆಗೊಮ್ಮೆ ಈಗೊಮ್ಮೆ ಒಂದು ಲಾರಿ. ನಾನು ಎಲ್ಲರಿಗಿಂತ ಹಿಂದೆ ಮುದುಕಿಯ ಹಾಗೆ ಕಾಲೆಳೆಯುತ್ತ ಬರುತ್ತಿದ್ದೆ. ಒಂದು ಸಲ ಅವರು ಸೈಕಲ್ಲು ನಿಲ್ಲಿಸಿ ನನಗಾಗಿ ಕಾದರು. ಬಯ್ಯಲಿಲ್ಲ. ಸಂಜೆ ಓಡುವುದು ನಿನಗೆ ಸುಖ ಕೊಡುತ್ತದೆ, ಅದಕ್ಕೇ ಓಡುತ್ತೀ, ಬೆಳಗಿನ ಕಷ್ಟ ನಿನಗೆ ಬೇಡ, ನಿನ್ನಂಥ ಸೋಮಾರಿಗೆ ದೇವರು ಇಂಥ ಕಾಲು ಯಾಕೆ ಕೊಟ್ಟನೋ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ ಹೊರಟುಹೋದರು. ಮೆಲ್ಲಗೆ ಹೇಳಿದ್ದರಿಂದ ಅದು ಹೆಚ್ಚು ನಾಟಿತು.

ನಾನೂ ಅವರ ಮಾತನ್ನೇ ನಂಬಿದೆ. ಬೇಗ ಮಲಗಿ ನೋಡಿದೆ, ರಾತ್ರಿಯ ಊಟ ಬಿಟ್ಟು ನೋಡಿದೆ, ನೆಲದ ಮೇಲೆ ಮಲಗಿದೆ. ಬೆಳಗು ಬದಲಾಗಲಿಲ್ಲ.

ಕಡೆಗೊಂದು ದಿನ ನಲ್ಲಿಯ ಹತ್ತಿರ ಬಗ್ಗಿದವಳಿಗೆ ಮೇಲೇಳಲಾಗಲಿಲ್ಲ. ಅಪ್ಪ ಹತ್ತಿರದ ಡಾಕ್ಟರನ್ನು ಕರೆಸಿದರು. ಓಡಿ ಓಡಿ ಬೆನ್ನಿನ ಸ್ನಾಯು ಹರಿದಿದೆ, ಹಲಗೆಯ ಮೇಲೆ ಪೂರ್ತಿ ವಿಶ್ರಾಂತಿ ಬೇಕು ಅಂದರು ಅವರು. ತಮಗೆ ತಿಳಿದದ್ದನ್ನು ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ವಾರಗಳಷ್ಟು ಕೆಟ್ಟ ದಿನಗಳನ್ನು ನಾನು ಆಮೇಲೆ ಕಂಡಿಲ್ಲ. ಮಲಗಿದಷ್ಟೂ ಮೈ ಸಿಮೆಂಟಿನಂತೆ ಗಟ್ಟಿಯಾಗುತ್ತ ಹೋಯಿತು. ನೋಡಲು ಬಂದವರು ಎಣ್ಣೆ ತಂದರು, ಗುಡಿಯ ಅಂಗಾರ ತಂದರು, ಕಳವಾ ಊರಿನಲ್ಲಿ ಮೂಳೆ ಕೂಡಿಸುವವನ ವಿಳಾಸ ತಂದರು. ಮದುವೆ ತಪ್ಪಿಸಿಕೊಳ್ಳಲು ಹೂಡಿದ ಆಟ ಇರಬಹುದು ಎಂದು ಪಕ್ಕದ ಖೋಲಿಯವರು ಅಂದದ್ದು ಗೋಡೆಯ ಆಚೆಯಿಂದ ಕೇಳಿಸಿತು. ಅವ್ವ ಶನಿವಾರ ಒಪ್ಪತ್ತು ಹಿಡಿದಳು.

ಮಧ್ಯಾಹ್ನ ಅವ್ವ ಮಲಗಿದಾಗ ನಾನು ಕಳ್ಳಿಯ ಹಾಗೆ ಎದ್ದು ಖೋಲಿಯೊಳಗೇ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದೆ. ನಡೆದರೆ ನೋವು ಇಳಿಯುತ್ತಿತ್ತು. ಅದರಿಂದ ಸಂತೋಷವಾಗಬೇಕಿತ್ತು, ನನಗೆ ಹೆದರಿಕೆಯಾಯಿತು. ನಿಜವಾದ ಕಾಯಿಲೆಯಾದರೆ ಮಲಗಿದಾಗ ಕಡಿಮೆಯಾಗಬೇಕು, ನಡೆದಾಗ ಹೆಚ್ಚಾಗಬೇಕು. ಹಾಗಾದರೆ ನನಗೆ ಏನೂ ಆಗಿಲ್ಲ, ನನ್ನ ಬುದ್ಧಿಯೇ ಕೆಟ್ಟಿದೆ ಅಂದುಕೊಂಡೆ. ಇದನ್ನು ಯಾರಿಗೂ ಹೇಳಲಿಲ್ಲ.

ನನ್ನನ್ನು ಉಳಿಸಿದ್ದು ಕಣ್ಣು.

ಮತ್ತೆ ಕೆಲಸಕ್ಕೆ ಹೋಗತೊಡಗಿದ ಸ್ವಲ್ಪ ದಿನಕ್ಕೆ ಬಲಗಣ್ಣು ಕೆಂಪಾಯಿತು. ಎಲ್ಲರಿಗೂ ಕಣ್ಣುಬೇನೆ ಬರುವ ಕಾಲ ಅದು, ಹಾಗೇ ಹೋಗುತ್ತದೆ ಅಂದುಕೊಂಡೆವು. ಆದರೆ ಪಿಸರು ಬರಲಿಲ್ಲ, ನೋವು ಮಾತ್ರ ಏರಿತು. ಬೆಳಕು ನೋಡಲಾಗದೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತೆ. ಅಪ್ಪ ಪೇಢಿಗೆ ರಜೆ ಹಾಕಿ ಠಾಣೆಯಲ್ಲಿದ್ದ ಒಬ್ಬ ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಅರ್ಧ ಕತ್ತಲೆಯ ಕಾಯುವ ಕೋಣೆ. ಕಣ್ಣಿಗೆ ಹತ್ತಿ ಒತ್ತಿಕೊಂಡ ಮುದುಕರು, ಅವರ ಕೈ ಹಿಡಿದ ಸೊಸೆಯರು. ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಾಗದ ಆ ಕೋಣೆಯಲ್ಲಿ ನನಗೆ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಯಿತು.

ಡಾಕ್ಟರಮ್ಮ ವಯಸ್ಸಾದವರು. ಯಂತ್ರದ ಮೇಲೆ ನನ್ನ ಗದ್ದ ಇರಿಸಿ ಬಹಳ ಹೊತ್ತು ನೋಡಿದರು. ಕಣ್ಣಿನ ಒಳಪೊರೆ ಊದಿಕೊಂಡಿದೆ, ಹೊತ್ತಿಗೆ ಸರಿಯಾಗಿ ಬಂದಿರಿ, ದೃಷ್ಟಿ ಹೋಗುವುದಿಲ್ಲ ಎಂದು ಅಪ್ಪನಿಗೆ ಧೈರ್ಯ ಹೇಳಿದರು. ಔಷಧಿಯ ಚೀಟಿ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಕುರ್ಚಿಯಿಂದ ಎದ್ದ ರೀತಿ ಅವರ ಕಣ್ಣಿಗೆ ಬಿದ್ದಿತ್ತು ಅಂತ ಕಾಣುತ್ತದೆ.

"ಬೆಳಿಗ್ಗೆ ಹೇಗೆ ಏಳುತ್ತೀ, ಮಗಳೇ?" ಎಂದು ಮರಾಠಿಯಲ್ಲಿ ಕೇಳಿದರು.

ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ ಎಂದು ಕೇಳಿದವರಿದ್ದರು. ಯಾವಾಗ ನೋಯುತ್ತದೆ, ಹೇಗೆ ಏಳುತ್ತೀ ಎಂದು ಯಾರೂ ಕೇಳಿರಲಿಲ್ಲ. ನಾನು ಹೇಳತೊಡಗಿದೆ. ಕಪಾಟಿನ ಹಿಡಿಕೆ, ಮೆಟ್ಟಿಲು, ಸೀನು, ಸಂಜೆಯ ಓಟ, ಕಡೆಗೆ ಮಧ್ಯಾಹ್ನ ಕದ್ದು ನಡೆದದ್ದನ್ನೂ ಹೇಳಿಬಿಟ್ಟೆ. ಪಕ್ಕದಲ್ಲಿ ಕುಳಿತ ಅಪ್ಪ ಇವೆಲ್ಲವನ್ನೂ ಮೊದಲ ಸಲ ಕೇಳುತ್ತಿದ್ದರು. ಹೇಳುತ್ತ ಹೇಳುತ್ತ ಅಳು ಬಂತು. ಅಳುವುದು ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರಮ್ಮ ತಮ್ಮ ಕರವಸ್ತ್ರವನ್ನೇ ಕೊಟ್ಟರು.

"ಇದು ಸೋಮಾರಿತನ ಅಲ್ಲ" ಅಂದರು. "ಈ ಕಣ್ಣೂ ಆ ಬೆನ್ನೂ ಒಂದೇ ಕಾಯಿಲೆ ಇರಬಹುದು. ಅದಕ್ಕೆ ಒಂದು ಹೆಸರಿದೆ. ನಾನು ಬೆನ್ನಿನ ಡಾಕ್ಟರಲ್ಲ, ಗೊತ್ತಿದ್ದವರ ಹತ್ತಿರ ಕಳಿಸುತ್ತೇನೆ."

ಕಣ್ಣಿಗೆ ಹನಿ ಹಾಕಿದ್ದರಿಂದ ಹೊರಗೆ ಬಂದಾಗ ಎಲ್ಲ ಮಸುಕು ಮಸುಕಾಗಿತ್ತು. ಅಪ್ಪ ಎಂದೂ ನನ್ನ ಕೈ ಹಿಡಿದು ನಡೆದವರಲ್ಲ. ಅವತ್ತು ಸ್ಟೇಷನ್ನಿನವರೆಗೂ ಹಿಡಿದಿದ್ದರು. ದಾರಿಯಲ್ಲಿ ಒಂದೇ ಮಾತು ಆಡಿದರು: "ಇಷ್ಟೆಲ್ಲಾ ಒಬ್ಬಾಕಿನೇ ಇಟಗೊಂಡಿದ್ದಿಯಲ್ಲ, ಸುಮಿ."

ಮುಂಬಯಿಯ ದೊಡ್ಡಾಸ್ಪತ್ರೆಗೆ ಹೋಗಲು ಆಮೇಲೆ ಅಪ್ಪ ಅನೇಕ ಸಲ ರಜೆ ಹಾಕಿದರು. ಒಂದು ಬಾಗಿಲಿಗೆ ಒಂದು ಸಾಲು, ಎಕ್ಸ್‌ರೇಗೆ ಇನ್ನೊಂದು ಸಾಲು. ಬೆಂಚಿನ ಮೇಲೆ ಹೆಚ್ಚು ಹೊತ್ತು ಕೂತರೆ ನಾನು ಬಿಗಿದುಕೊಳ್ಳುತ್ತಿದ್ದೆ. ಎದ್ದು ತಿರುಗಾಡಿದರೆ ಜಾಗ ಹೋಗುತ್ತಿತ್ತು. ಅಲ್ಲಿ ಒಬ್ಬ ಗೃಹಸ್ಥರು ನಮ್ಮ ಮುಂದಿದ್ದರು. ಅವರ ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು. ಎದುರಿಗಿದ್ದವರ ಮುಖ ನೋಡಬೇಕಾದರೆ ಮೊಣಕಾಲು ಮಡಚಿ ಹಿಂದಕ್ಕೆ ವಾಲಬೇಕು. ಅವರು ತಮ್ಮ ಚೀಲವನ್ನು ಬೆಂಚಿನ ಮೇಲೆ ನನ್ನ ಜಾಗದಲ್ಲಿಟ್ಟು, ನೀನು ಹೋಗಿ ನಡೆದು ಬಾ, ನಾನು ಕಾಯುತ್ತೇನೆ, ಈ ಕಾಯಿಲೆಯವರಿಗೆ ಕೂರಲಾಗುವುದಿಲ್ಲ ಎಂದು ನನಗೆ ಗೊತ್ತು ಅಂದರು. 'ಈ ಕಾಯಿಲೆಯವರಿಗೆ' ಅಂದದ್ದು ಕೇಳಿ ವರಾಂಡದ ತುದಿಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ನಾಳೆ ನಾನೂ ನೆಲ ನೋಡಿಕೊಂಡೇ ನಡೆಯುತ್ತೇನೇನು?

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಉದ್ದನೆಯ ಒಂದು ಹೆಸರು ಹೇಳಿದರು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ನಾನು ಹೊರಗೆ ಕಂಡ ಗೃಹಸ್ಥರ ಬಗ್ಗೆ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಹಾಗೆ ಆಗಬಹುದು, ಆಗದೆಯೂ ಇರಬಹುದು. ಅವರಿಗೆ ವರ್ಷಗಟ್ಟಲೆ ಮಲಗಿರಿ ಎಂದು ಹೇಳಿದ್ದರು. ನಿನಗೆ ನಾನು ಮಲಗು ಅನ್ನುವುದಿಲ್ಲ. ಓಡುತ್ತೀಯಂತಲ್ಲ, ಓಡು. ಬೆಳಿಗ್ಗೆ ನಿನ್ನ ಮೈ ಬರದಿದ್ದರೆ ಅದರ ಜೊತೆ ಜಗಳಾಡಬೇಡ, ಸಂಜೆ ಓಡು."

ಮಾತ್ರೆ ಕೊಟ್ಟರು, ಊಟ ಮಾಡದೆ ನುಂಗಬಾರದೆಂದು ಎಚ್ಚರಿಸಿದರು. ದಿಂಬಿಲ್ಲದೆ ಮಲಗುವುದು, ದಿನಾ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಬೋರಲಾಗಿ ಮಲಗುವುದು, ಬಿಸಿನೀರು, ಬೆನ್ನು ನೀಳಿಸುವ ವ್ಯಾಯಾಮ. ಪೂರ್ತಿ ಹೋಗುವುದಿಲ್ಲ, ಜೊತೆಯಲ್ಲಿ ಬದುಕಬಹುದು ಅಂದರು.

ಅಪ್ಪ ಲೋಕಲ್ ಗಾಡಿಯಲ್ಲಿ ಆ ಹೆಸರನ್ನು ಬಾಯಿಪಾಠ ಮಾಡುತ್ತ ಬಂದರು. ಮನೆಗೆ ಬಂದು ಅವ್ವನ ಮುಂದೆ ಸ್ತೋತ್ರದಂತೆ ಒಪ್ಪಿಸಿದರು. ಅವ್ವನಿಗೆ ಹೆಸರು ತಿಳಿಯಲಿಲ್ಲ. ಅದು ಮುಂಜಾನೆ ಹೆಚ್ಚಾಗಿ ಸಂಜಿಕೆ ಇಳಿಯುವ ಬೇನೆ ಎಂದು ಅಪ್ಪ ಹೇಳಿದ್ದು ತಿಳಿಯಿತು. ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಪಾತ್ರೆಗಳ ಸದ್ದು ಕೂಡ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಾನೇಳುವ ಮೊದಲೇ ಕೊಡಗಳು ತುಂಬಿದ್ದವು. ಬಂಬಿನಲ್ಲಿ ನೀರು ಕಾಯುತ್ತಿತ್ತು. ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ಸೊಂಟದ ಮೇಲೆ ತಂಬಿಗೆ ತಂಬಿಗೆ ಬಿಸಿನೀರು ಹಾಕಿದಳು, ಬಾಣಂತಿಗೆ ಹಾಕುವ ಹಾಗೆ. ನಾನು ವ್ಯಾಯಾಮ ಮಾಡುವಾಗ ಒಬ್ಬಳೇ ಮಾಡಲು ನಾಚುತ್ತೇನೆಂದು ತಾನೂ ಸೀರೆ ಕಚ್ಚೆ ಕಟ್ಟಿ ಪಕ್ಕದಲ್ಲಿ ಮಲಗಿ ಕಾಲೆತ್ತುತ್ತಿದ್ದಳು. ಅಪ್ಪ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಗೋಡೆಯಾಚೆಯ ಪಕ್ಕದವರಿಗೆ ಅವ್ವ ಏನು ಹೇಳಿದಳೋ ಗೊತ್ತಿಲ್ಲ, ಆ ಮನೆಯ ಹೆಂಗಸು ತಾನಾಗಿ ನಮ್ಮ ಒಂದು ಕೊಡ ಮೇಲೆ ತಂದಿಡತೊಡಗಿದಳು.

ಮಾತ್ರೆ ಮೈಗೆ ಹಿಡಿಯಿತು. ಬೆಳಗು ಪೂರ್ತಿ ನನ್ನದಾಗಲಿಲ್ಲ, ಆದರೆ ಮೊದಲಿನ ಹಾಗೆ ಶತ್ರುವಾಗಿಯೂ ಉಳಿಯಲಿಲ್ಲ. ಮತ್ತೆ ಸಂಜೆ ಓಡತೊಡಗಿದೆ. ಅಪ್ಪ ಕದಮ್ ಸರ್ ಅವರನ್ನು ಕಂಡು ಎಲ್ಲ ತಿಳಿಸಿದ್ದರು. ಅವರು ಒಂದು ಸಂಜೆ ಮನೆಗೇ ಬಂದರು. ಎಕ್ಸ್‌ರೇ ಕೇಳಿ ತೆಗೆದುಕೊಂಡು ಕಿಟಕಿಗೆ ಹಿಡಿದು, ತಮಗೇನೂ ಅರ್ಥವಾಗದಿದ್ದರೂ, ಬಹಳ ಹೊತ್ತು ನೋಡಿದರು. ಚಹಾ ಕುಡಿದರು. ಕಾರ್ಖಾನೆಗಳ ರಾಜ್ಯಮಟ್ಟದ ಪಂದ್ಯಕ್ಕೆ ತಂಡದ ಆಯ್ಕೆ ಇತ್ತು. ಆಯ್ಕೆಯ ಓಟ ಭಾನುವಾರ ಬೆಳಿಗ್ಗೆ. ಸಂಜೆಗೆ ಬದಲಿಸಿ ಎಂದು ಮೇಲಿನವರನ್ನು ಕೇಳಿದ್ದರಂತೆ, ಒಪ್ಪಲಿಲ್ಲವಂತೆ. ಬಂದರೆ ಬಾ, ಬರದಿದ್ದರೂ ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ ಅಂದರು.

ಓಡುತ್ತೇನೆ ಅಂದೆ. ಅವ್ವ ಬಾಗಿಲ ಹತ್ತಿರ ನಿಂತಿದ್ದವಳು, "ನಾನೂ ಬರ್ತೀನಿ" ಅಂದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನ ಓಟವನ್ನು ಒಮ್ಮೆಯೂ ನೋಡಿರಲಿಲ್ಲ.

ಆ ಭಾನುವಾರ ಅವ್ವ ಎಷ್ಟು ಬೇಗ ಎದ್ದಿದ್ದಳೋ, ನನಗೆ ಎರಡು ಸಲ ನೀರು ಹಾಕಿದಳು. ಗಾಡಿಯಲ್ಲಿ ಕೂರಲಿಲ್ಲ, ನಿಂತೇ ಹೋದೆ. ಮೈದಾನದ ಸುತ್ತ ನಡೆದು ನಡೆದು ಬೆನ್ನನ್ನು ಸಮಾಧಾನಪಡಿಸಿದೆ. ಸೀಟಿ ಊದಿದಾಗ ಎಲ್ಲರ ಜೊತೆ ಹೊರಟೆ. ಮೊದಲ ಸುತ್ತು ಹೇಗೋ ಹೋಯಿತು. ಆಮೇಲೆ ಹೆಜ್ಜೆ ಉದ್ದವಾಗಲೇ ಇಲ್ಲ. ಸೊಂಟದಲ್ಲಿ ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಜಗ್ಗುತ್ತಿದ್ದರು. ಹುಡುಗಿಯರು ಒಬ್ಬೊಬ್ಬರಾಗಿ ಪಕ್ಕದಿಂದ ಹೋದರು. ಡಾಕ್ಟರ ಮಾತಿನಂತೆ ಮೈಯ ಜೊತೆ ಜಗಳಾಡಲಿಲ್ಲ. ಬಿಟ್ಟೂ ಕೊಡಲಿಲ್ಲ. ಕೊನೆಯವಳಿಗಿಂತ ಒಂದು ಹೆಜ್ಜೆ ಮುಂದೆ ಬಂದು ಮುಟ್ಟಿದೆ.

ತಂಡದಲ್ಲಿ ನನ್ನ ಹೆಸರು ಬರಲಿಲ್ಲ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಕದಮ್ ಸರ್ ಬಂದು, ಈಗ ಮನೆಗೆ ಹೋಗಬೇಡಿ, ಸಂಜೆಯವರೆಗೆ ಠಾಣೆಯಲ್ಲೇ ಇರಿ, ಆಮೇಲೆ ಇಲ್ಲಿಗೇ ಬನ್ನಿ ಅಂದರು. ಯಾಕೆಂದು ಹೇಳಲಿಲ್ಲ.

ಆ ಹಗಲು ನಾವಿಬ್ಬರೂ ಊರಿನ ನಡುವಿನ ಕೆರೆಯ ಸುತ್ತ ತಿರುಗಿದೆವು. ಒಂದು ಉಡುಪಿ ಹೋಟೆಲಿನಲ್ಲಿ ಊಟ ಮಾಡಿದೆವು. ಗಲ್ಲೆಯ ಮೇಲಿದ್ದವರು ನಮ್ಮ ಮಾತು ಕೇಳಿ ಕನ್ನಡದವರಾ ಎಂದು ಎದ್ದು ಬಂದರು. ಅವರ "ಎಂತ ಮಾರಾಯ್ರೆ" ಅವ್ವನಿಗೆ ಅರ್ಥವಾಗಲಿಲ್ಲ, ಅವ್ವನ "ಹೌದಲ್ಲೇನ್ರಿ" ಅವರಿಗೆ ಅರ್ಥವಾಗಲಿಲ್ಲ. ಆದರೂ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏಳುವಾಗ ಅವರು ನನಗೆಂದು ಇನ್ನೊಂದು ಬಟ್ಟಲು ಪಾಯಸ ತಂದಿಟ್ಟರು. ಮಗಳು ಓಡುತ್ತಾಳೆ ಎಂದು ಅವ್ವ ಅಷ್ಟರಲ್ಲಿ ಹೇಳಿಬಿಟ್ಟಿದ್ದಳು.

ಬಿಸಿಲು ಇಳಿದ ಮೇಲೆ ಮೈದಾನಕ್ಕೆ ಹೋದೆವು. ಅಲ್ಲಿ ಕದಮ್ ಸರ್ ಬಿಟ್ಟರೆ ನಮ್ಮವರು ಯಾರೂ ಇರಲಿಲ್ಲ. ಒಂದು ಮೂಲೆಯಲ್ಲಿ ಕ್ರಿಕೆಟ್ ನಡೆದಿತ್ತು. ಅವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು, ಬೆಳಗಿನಷ್ಟೇ ದೂರ, ಒಬ್ಬಳೇ ಓಡು ಅಂದರು.

ಓಡಿದೆ. ಆ ಓಟವನ್ನು ಹೇಗೆ ಹೇಳಲಿ? ಎರಡನೆಯ ಸುತ್ತಿಗೆ ಬೆನ್ನು ನನಗೆ ದಾರಿ ಬಿಟ್ಟಿತು. ಗಾಳಿ ಮುಖಕ್ಕೆ ಬಂತು. ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ, ಆದರೂ ಕೊನೆಯ ಸುತ್ತಿನಲ್ಲಿ ನಾನು ಯಾರನ್ನೋ ಅಟ್ಟಿಸಿಕೊಂಡು ಹೋದ ಹಾಗೆ ಹೋದೆ. ಅವ್ವ ಕಟ್ಟೆಯ ಮೇಲಿಂದ ಎದ್ದು ನಿಂತದ್ದು ಮಾತ್ರ ಕಂಡಿತು.

ಕದಮ್ ಸರ್ ಗಡಿಯಾರ ನೋಡಿದರು. ಬೆಳಿಗ್ಗೆ ಗೆದ್ದ ಹುಡುಗಿಗಿಂತ ಬೇಗ ಬಂದಿದ್ದಾಳೆ ಎಂದು ನನಗಲ್ಲ, ಅವ್ವನಿಗೆ ಹೇಳಿದರು. ಆಮೇಲೆ ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಳ್ಳುತ್ತ, ಮರಾಠಿಯಲ್ಲಿ, "ನಿಮ್ಮ ಮಗಳನ್ನು ನಾನು ಸೋಮಾರಿ ಅಂದಿದ್ದೆ" ಅಂದರು.

ಅವ್ವನ ಮರಾಠಿ ನಲ್ಲಿಯ ಹತ್ತಿರದ್ದು, ತುಂಡು ತುಂಡು. ಅದರಲ್ಲೇ ಹೇಳಿದಳು: "ನಾನೂ ಅಂದಿದ್ದೆ, ಸರ್."

ಮೂವರೂ ಬೇರೆ ಬೇರೆ ಕಡೆ ನೋಡುತ್ತ ನಿಂತೆವು. ನನಗೆ ಆ ಹೊತ್ತಿನಲ್ಲಿ ಯಾರ ಮೇಲೂ ಏನೂ ಉಳಿದಿರಲಿಲ್ಲ. ಮುಂದಿನ ವಾರದಿಂದ ಕದಮ್ ಸರ್ ನನ್ನ ಬೆಳಗಿನ ಅಭ್ಯಾಸ ತೆಗೆದುಹಾಕಿದರು, ಕಚೇರಿಯಲ್ಲಿ ನನ್ನ ಪರವಾಗಿ ಮಾತಾಡಿ ಕೆಲಸ ಉಳಿಸಿದರು, ಸಂಜೆಯ ಓಟವಿರುವ ಸಣ್ಣಪುಟ್ಟ ಪಂದ್ಯಗಳನ್ನು ಹುಡುಕಿ ಹುಡುಕಿ ನನ್ನನ್ನು ಕಳಿಸಿದರು. ಮದುವೆಯಾಗುವವರೆಗೂ ಓಡಿದೆ. ಆದರೆ ನಾನು ನಿಮಗೆ ಹೇಳಿ ಮುಗಿಸಬೇಕೆಂದಿರುವುದು ಆ ದಿನ ಮನೆಗೆ ಮರಳಿದ್ದನ್ನು.

ಭಾನುವಾರವಾದ್ದರಿಂದ ಹೆಂಗಸರ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಮುಂಬ್ರಾ ದಾಟಿ ಗಾಡಿ ದಿವಾ ಸ್ಟೇಷನ್ನಿನಲ್ಲಿ ಸುಮ್ಮನೆ ನಿಂತಿತ್ತು. ಎದುರಿಗೆ ಮಲ್ಲಿಗೆ ದಂಡೆ ಕಟ್ಟುತ್ತ ಕುಳಿತಿದ್ದ ಹೆಂಗಸು, ನನ್ನ ಕ್ಯಾನ್ವಾಸ್ ಬೂಟುಗಳ ಮೇಲಿನ ಕೆಂಪು ಮಣ್ಣು ನೋಡಿ, ಎಲ್ಲಿಂದ ಬಂದಿರಿ ಎಂದು ಅವ್ವನನ್ನು ಕೇಳಿದಳು. ಮಗಳ ಓಟ ಇತ್ತು ಅಂದಳು ಅವ್ವ. ಗೆದ್ದಳಾ ಎಂದು ಆ ಹೆಂಗಸು ಕೇಳಿದಳು.

ಅವ್ವನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು, ಕಿಟಕಿಯ ಹೊರಗೆ ನೋಡಿದಳು, ಮನಸ್ಸಿನಲ್ಲೇ ಮರಾಠಿ ಜೋಡಿಸಿಕೊಂಡಳು.

"ಸಂಜಿಕೆ ಗೆದ್ದಳು" ಅಂದಳು.